ಜರ್ಮನ್ ಮೋಟಾರಿಗೆ ಒಂದು ತಂಬಿಗೆ ನೀರು

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ನಶ್ಯದ ಚಟ. ನನಗಿರುವುದು ಉಪಚಾರದ ಚಟ. ಬಂದವರು ಬೇಡವೆಂದಷ್ಟೂ ಬಡಿಸುತ್ತೇನೆ. ಮನೆಯವಳು ಇದನ್ನು ರೋಗವೆನ್ನುತ್ತಾಳೆ. ಅವಳ ಮಾತು ಸರಿಯೆಂದು ತಿಳಿಯುವಷ್ಟರಲ್ಲಿ ಗೆಳೆಯ ಗುರಪ್ಪನ ನೌಕರಿ ಹೋಗಿತ್ತು.

ಗುರಪ್ಪ ರೋಣದಲ್ಲಿ ನನ್ನ ಜೊತೆ ಕಲಿತವನು. ನಾನು ಅದೇ ಸಾಲಿಯಲ್ಲಿ ಮಾಸ್ತರನಾಗಿ ಉಳಿದೆ. ಅವನು ಮುಂಬಯಿಗೆ ಹೋಗಿ ಹತ್ತಿ ವ್ಯಾಪಾರಿಯೊಬ್ಬರ ಡ್ರೈವರನಾದ. ಆ ಸಲ ಮಾಲೀಕರನ್ನು ನಮ್ಮ ಪೇಟೆಯಲ್ಲಿ ಇಳಿಸಿ, ಊಟಕ್ಕೆಂದು ಮೋಟಾರನ್ನು ನನ್ನ ಬಾಗಿಲಿಗೇ ತಂದ. ಜರ್ಮನಿಯದು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಗುಂಡನೆಯ ನುಣುಪು ಮೈ. ನಲವತ್ತು ದಾಟಿದ ನಾನು ಓಣಿಯ ಜನರೆದುರಿಗೇ ಅದನ್ನು ಮೂರು ಸಲ ಸುತ್ತಿದೆ. ಹಣಮಪ್ಪನ ಗುಡಿಗೂ ನನ್ನದು ಒಂದೇ ಸುತ್ತು.

“ನಾಕ ಸಿಲಿಂಡರ್ ನೋಡಪಾ, ಆದ್ರ ದನಿ ಕೇಳ ಅದರದು!” ಎಂದ ಗುರಪ್ಪ, ಹಡೆದವನಂತೆ ಬೀಗುತ್ತ. ಆಮೇಲೆ ಮೋಟಾರಿನ ಮೂತಿ ತೆರೆದು ತನ್ನ ಚೀಲ ತೆಗೆದುಕೊಂಡು ಒಳಗೆ ರೊಟ್ಟಿಗೆ ಕುಳಿತ.

ಗಜೇಂದ್ರಗಡದ ಬಸ್ಸು ರೋಣ ಮುಟ್ಟಿದೊಡನೆ ಬಾಯಿ ತೆರೆದು ಎರಡು ಕೊಡ ನೀರು ಕುಡಿಯುತ್ತದೆ. ಪಾಪ, ಇದು ಅದಕ್ಕಿಂತ ದೂರದಿಂದ ಬಂದದ್ದು. ತೆರೆದ ಮೂತಿಯೊಳಗೆ ಒಂದು ಮುಚ್ಚಳ ಕಂಡಿತು. ತಿರುವಿ, ತುಂಬಿದ ತಂಬಿಗೆಯನ್ನು ಸುರಿದೆ. ಘಾಟು ವಾಸನೆ ಬಂತು. ಪರದೇಶಿಗರ ಮೈವಾಸನೆ ಎಂದುಕೊಂಡೆ. ಅದು ಪೆಟ್ರೋಲಿನ ಟಾಕಿ, ಇಂಜಿನ್ನು ಇರುವುದು ಹಿಂದೆ, ಅದು ತಣಿಯುವುದು ಬರೀ ಗಾಳಿಗೆ ಎಂಬುದೆಲ್ಲ ಆಮೇಲೆ ತಿಳಿದದ್ದು.

ಗುರಪ್ಪನ ಮಗ್ಗುಲಲ್ಲಿ ಎದೆ ಸೆಟೆಸಿ ಕುಳಿತು ಪೇಟೆಗೆ ಹೋದೆ. ನಾನಿಳಿದೆ, ಮಾಲೀಕರು ಹತ್ತಿದರು. ಸಂಜೆಯೊಳಗೆ ನರಗುಂದದಲ್ಲಿ ಅವರ ವ್ಯವಹಾರವೊಂದು ಕುದುರಬೇಕಿತ್ತು. ಹತ್ತು ಮಾರು ಹೋಗಿ ಮೋಟಾರು ಕೆಮ್ಮಿತು, ನಡುಗಿತು, ನಿಂತೇಬಿಟ್ಟಿತು. ನಾನೂ ಓಡಿಹೋದೆ. ಟಾಕಿ ನೋಡಿದ ಗುರಪ್ಪ ಬಿಳಿಚಿಕೊಂಡ.

“ಇದರಾಗ ನೀರು ಯಾವಂವ ಹಾಕಿದಂವ?” ಮಾಲೀಕರು ಗುಡುಗಿದರು.

ಗುರಪ್ಪ ನನ್ನತ್ತ ನೋಡಿದ. ದಿನಾ ಛಡಿ ಹಿಡಿದು “ಖರೇ ಹೇಳ್ರಲೇ” ಎಂದು ಮಕ್ಕಳನ್ನು ಗದರಿಸುವ ನಾನು ರುಮಾಲು ಸರಿಮಾಡಿಕೊಂಡೆ.

“ನಂದ ತಪ್ಪಾತ್ರಿ ಧಣ್ಯಾರ,” ಎಂದ ಗುರಪ್ಪ.

“ಹಂಗಾರ ಚಾವಿ ಇಡು. ನಾಳಿಂದ ಬರಬ್ಯಾಡ.”

ಮನೆಯತ್ತ ನಡೆಯುವಾಗ ಅವನು ಬಯ್ದಿದ್ದರೆ ಚೆನ್ನಾಗಿತ್ತು. “ರೊಟ್ಟಿ ಭಾಳ ಚಲೋ ಇದ್ವು ಬಿಡಲೇ,” ಎಂದಷ್ಟೇ ಅಂದ. ಈಗ ರಾಜೂರಿನಲ್ಲಿ ಅಣ್ಣನ ಎತ್ತಿನ ಚಕ್ಕಡಿ ಹೊಡೆಯುತ್ತಾನೆ.

ಎಲ್ಲ ಒಪ್ಪಿಕೊಂಡು ಮಾಲೀಕರಿಗೆ ಪತ್ರ ಬರೆದಿಟ್ಟಿದ್ದೇನೆ. “ಟಪಾಲಿಗೆ ಹಾಕಿದ್ರೇನ್ರಿ?” ಎಂದು ಮನೆಯವಳು ದಿನಾ ಕೇಳುತ್ತಾಳೆ. ಇನ್ನೊಂದು ಸಲ ತಿದ್ದಿ ಹಾಕುತ್ತೇನೆ ಎನ್ನುತ್ತೇನೆ. ಮೊದಲ ಪ್ರತಿಯಲ್ಲಿ ‘ನೀರು ಸುರಿದವನು ನಾನೇ’ ಎಂದಿತ್ತು. ನಿನ್ನೆ ತಿದ್ದಿದ ಪ್ರತಿಯಲ್ಲಿ, ‘ಊರಿನ ಸಜ್ಜನರೊಬ್ಬರು’ ಸುರಿದಿದ್ದಾರೆ.