ಲೂಯಿಸ್‌ವಿಲ್‌ನಲ್ಲಿ ಮೂಕಿ ಚಿತ್ರ ಮಾತಾಡಿತು

ನಮ್ಮ ಡಲ್ಲಾಸ್ ಕಡೆಯ ಕನ್ನಡ ಬಳಗದಲ್ಲಿ ಗಂಭೀರವಾಗಿ ಶುರುವಾದ ಯಾವ ಕಾರ್ಯಕ್ರಮವೂ ಗಂಭೀರವಾಗಿ ಮುಗಿದದ್ದಿಲ್ಲ. ನನ್ನದೂ ಹಾಗೇ ಆಯಿತು.

೧. ಷರತ್ತು

ನೂರು ವರ್ಷಕ್ಕೂ ಹಳೆಯ ಬ್ರಿಟಿಷ್ ಮೂಕಿ ಹಾಸ್ಯಚಿತ್ರಗಳೆಂದರೆ ನನಗೆ ಹುಚ್ಚು. ಮೂಕಿ ಎಂದರೆ ಮಾತಿಲ್ಲದ್ದು. ಹಾಸ್ಯ ಎಂದರೆ, ಒಬ್ಬ ಏನೋ ಕದಿಯುತ್ತಾನೆ, ಇಡೀ ಬೀದಿ ಅವನ ಹಿಂದೆ ಓಡುತ್ತದೆ. ನಾಲ್ಕೇ ನಿಮಿಷ, ಅಷ್ಟರಲ್ಲಿ ಹೊಟ್ಟೆ ಹುಣ್ಣಾಗುತ್ತದೆ. ಯುಗಾದಿ ಊಟಕ್ಕೆ ಮುಂಚೆ ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಹಾಲ್‌ನಲ್ಲಿ ಇಂಥ ಐದಾರು ತೋರಿಸಲೇ ಎಂದು ಅಧ್ಯಕ್ಷರನ್ನು ಕೇಳಿದೆ.

"ಅರ್ಧ ಗಂಟೆ ತಗೊಳ್ಳಿ. ಜನ ಮಧ್ಯೆ ಎದ್ದು ಊಟಕ್ಕೆ ಹೋದ್ರೆ ಮುಂದಿನ ವರ್ಷ ಆ ಹೊತ್ತು ಅಂತ್ಯಾಕ್ಷರಿಗೆ."

"ಎಲ್ರೂ ಕೂತಿರ್ತಾರೆ ಸರ್."

"ಬಿಸಿಬೇಳೆಬಾತ್ ವಾಸನೆ ಬಂದ್ರೆ ನಾನೇ ಕೂರಲ್ಲಪ್ಪ."

೨. ಪರಿಚಯ

ನಮ್ಮಲ್ಲಿ ಏನೇ ತೋರಿಸಿದರೂ ಮೊದಲು ಕಾರ್ಯದರ್ಶಿಗಳ ಪರಿಚಯ ಭಾಷಣ ಇರಲೇಬೇಕು. ಹತ್ತು ನಿಮಿಷವಾದರೂ ಮುಗಿಯಲಿಲ್ಲ. "ಸರ್, ಒಂದು ಚಿತ್ರ ನಾಲ್ಕೇ ನಿಮಿಷ" ಎಂದು ಚೀಟಿ ಕಳಿಸಿದೆ. ಅವರು ಅದನ್ನು ಮೈಕಿನಲ್ಲೇ ಓದಿ, "ಚಿತ್ರ ಚಿಕ್ಕದಂತೆ. ಹಾಗಾದರೆ ನಾನು ಇನ್ನೂ ಸ್ವಲ್ಪ ಮಾತಾಡಬಹುದು" ಎಂದರು.

೩. ಸೌಂಡ್

ಕೊನೆಗೂ ಚಿತ್ರ ಶುರುವಾಯಿತು. ಸೌಂಡ್ ನೋಡಿಕೊಳ್ಳುವ ಅಂಕಲ್ ಗಾಬರಿಯಿಂದ ಮೂರು ಕೇಬಲ್ ಬದಲಾಯಿಸಿದರು.

"ಅಂಕಲ್, ಇದರಲ್ಲಿ ಸೌಂಡೇ ಇಲ್ಲ."

"ಗೊತ್ತಪ್ಪ. ಎರಡೂ ಸ್ಪೀಕರಲ್ಲಿ ಇಲ್ವೋ, ಒಂದರಲ್ಲಿ ಮಾತ್ರ ಇಲ್ವೋ, ನೋಡ್ಬೇಕಲ್ಲ."

೪. ಅಜ್ಜಿ

ಅಷ್ಟರಲ್ಲಿ ಬಿಸಿಬೇಳೆಬಾತ್ ಘಮ ಬಂತು. ಹಿಂದಿನ ಸಾಲು ಎದ್ದೇಬಿಟ್ಟಿತು. ಆಗ ಮುಂದಿನ ಸಾಲಿನ ಹುಬ್ಬಳ್ಳಿ ಅಜ್ಜಿಯೊಬ್ಬರು ಮೊಮ್ಮಗಳಿಗೆ ಕಥೆ ಹೇಳತೊಡಗಿದರು. ತೆರೆಯ ಮೇಲೆ ಪೊಲೀಸಪ್ಪ ಕಳ್ಳನ ಹಿಂದೆ ಓಡುತ್ತಿದ್ದ.

"ಅಂವ ಏನಂತಾನ ಕೇಳು: 'ಏ, ನಿಂದ್ರೋ, ನನ್ನ ಟೊಪಗಿ ಬಿತ್ತು, ಅದನ್ನರ ಎತ್ತಿಕೊಟ್ಟು ಓಡು.'"

"ಅಜ್ಜಿ, ಹೀ ಡಿಡ್ನ್ಟ್ ಸೇ ದಟ್."

"ನಿನಗ ಕೇಳಿಸ್ತೇನು? ಇಲ್ಲಲ್ಲ? ಸುಮ್ಮ ಕುಂದ್ರು ಮತ್ತ."

ಹಾಲ್ ಗೊಳ್ಳೆಂದಿತು. ಎದ್ದವರು ಕೂತರು. ಸೌಂಡ್ ಅಂಕಲ್ ಓಡಿಹೋಗಿ ಅಜ್ಜಿಗೆ ಮೈಕ್ ಕೊಟ್ಟರು. ತೆರೆಯ ಮೇಲೆ ದಪ್ಪನೆಯ ಹೆಂಗಸೊಬ್ಬಳು, ಕಳ್ಳನ ಹಿಂದೆ ಓಡುತ್ತಿದ್ದ ಗಂಡನನ್ನು ಅಟ್ಟಿಸಿಕೊಂಡು ಬಂದಳು. ಅಜ್ಜಿ ಮೈಕಿನಲ್ಲಿ, "'ಮನ್ಯಾಗ ಒಂದು ಲೋಟ ಎತ್ತಿಡಂಗಿಲ್ಲ, ಇಲ್ಲಿ ಊರ ಕಳ್ಳನ್ನ ಹಿಡಿಯಾಕ ಬಂದೀರೇನ್ರಿ?'" ಎಂದರು. ಊಟ ಬಡಿಸುವವರೂ ಸೌಟು ಹಿಡಿದೇ ಒಳಗೆ ಬಂದು ನಿಂತರು.

ಕೊನೆಯ ಚಿತ್ರದವರೆಗೆ ಒಬ್ಬರೂ ಏಳಲಿಲ್ಲ. ನಾನು ಅಧ್ಯಕ್ಷರ ಹತ್ತಿರ ಓಡಿದೆ. "ಸರ್, ಮುಂದಿನ ವರ್ಷ?"

ಅವರು ಕಣ್ಣೊರೆಸಿಕೊಳ್ಳುತ್ತಾ, "ಅರ್ಧ ಅಲ್ಲ, ಪೂರ್ತಿ ಒಂದು ಗಂಟೆ ಕೊಡ್ತೀನಿ" ಎಂದರು. ನನಗೆ ಅಲ್ಲೇ ಕುಣಿಯುವಷ್ಟು ಖುಷಿ.

"ಅಜ್ಜಿಗೆ. ನೀವು ಬೇಕಾದ್ರೆ ಹಿಂದೆ ಚಿತ್ರ ಹಾಕ್ಕೊಳ್ಳಿ."