ಕುರಿಗಳ ಚಿಂತೆ ಹಚ್ಚಿಕೊಂಡ ನಾಯಿ

ತರ್ಜುಮೆ ಗುಮಾಸ್ತ ನಗೆಪಾಟಲಾಗಲು ಎಲ್ಲಿಗೂ ಹೋಗಬೇಕಿಲ್ಲ. ದಿನಾ ಬೆಳಿಗ್ಗೆ ಟಪಾಲಿನಲ್ಲೇ ಅದು ಬಂದು ಬೀಳುತ್ತದೆ. ಮದ್ರಾಸ್ ಸರ್ಕಾರದ ಕಾಲದಲ್ಲಿ ಮಡಕಶಿರಾ ಕಡೆಯವನಾದ ನಾನು ರಾಯದುರ್ಗದ ತಾಲ್ಲೂಕು ಕಚೇರಿಯಲ್ಲಿ ಕೂತು ಬಿಳಿ ದೊರೆಯ ಇಂಗ್ಲಿಷನ್ನು ಕನ್ನಡ ಮಾಡುತ್ತಿದ್ದೆ.

೧. ಹುಕುಂ

ಗುಮ್ಮಘಟ್ಟದ ಕುರಿಗಾರನೊಬ್ಬ ಊರ ಗೌಡರ ನಾಯಿಯ ಮೇಲೆ ಅರ್ಜಿ ಕೊಟ್ಟ. ಎರಡು ಮರಿ ಆಗಲೇ ಹೋಗಿದ್ದವು. ದೊರೆ ವಿಚಾರಣೆ ಮಾಡಿ, ಈ ನಾಯಿ ಕುರಿಗಳನ್ನು ‘ವರಿ’ ಮಾಡುತ್ತದೆ, ಗೌಡರಿಗೆ ತಿಳಿಸಿ ಎಂದು ಇಂಗ್ಲಿಷಿನಲ್ಲಿ ಬರೆದರು. ವರಿ ಎಂದರೆ ಚಿಂತೆ ಎಂದು ನಾನು ಶಾಲೆಯಲ್ಲಿ ಉರು ಹೊಡೆದಿದ್ದೆ. ‘ಗೌಡರ ನಾಯಿಗೆ ಸದಾ ಕುರಿಗಳದೇ ಚಿಂತೆ’ ಎಂದು ಬರೆದು, ಮೊಹರು ಒತ್ತಿಸಿ ಗೌಡರಿಗೆ ಕಳಿಸಿ, ಕುರಿಗಾರನಿಗೂ ಓದಿ ಹೇಳಿದೆ.

“ಖರೇ ಐತ್ರಿ,” ಎಂದ ಅವನು. “ಯಾವ ಮರಿ ತಿನ್ನಲಿ ಅಂತ ಅದಕ್ಕ ದಿನಾ ಚಿಂತಿ.”

೨. ನಿಘಂಟು

ಗೌಡರು ಆ ಕಾಗದವನ್ನು ಪಡಸಾಲೆಯಲ್ಲಿ ತೂಗುಹಾಕಿದರಂತೆ. ಸರ್ಕಾರವೇ ಮೆಚ್ಚಿದ ನಾಯಿ ಎಂದು ಅದನ್ನು ಇನ್ನಷ್ಟು ಸಡಿಲ ಬಿಟ್ಟರಂತೆ. ವಾರದೊಳಗೆ ಕುರಿಗಾರ ಮತ್ತೆ ಬಂದ. ಕಂಬಳಿ ಬಿಚ್ಚಿ, ಕುತ್ತಿಗೆ ಗಾಯವಾದ ಮರಿಯೊಂದನ್ನು ನನ್ನ ಮೇಜಿನ ಮೇಲಿಟ್ಟ.

“ನಿನ್ನೆ ಭಾಳ ಚಿಂತಿ ಮಾಡೇತ್ರಿ, ನೋಡ್ರಿ.”

“ತಪ್ಪಾಯ್ತು ಕಣಪ್ಪ,” ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನೆಟ್ಟಗೆ ಹೈಸ್ಕೂಲಿಗೆ ಹೋಗಿ ದಪ್ಪ ಇಂಗ್ಲಿಷ್ ನಿಘಂಟು ತೆಗೆಸಿದೆ. ಆ ‘ವರಿ’ ಪದ ಹುಟ್ಟಿದ್ದೇ ಕುತ್ತಿಗೆ ಹಿಸುಕುವುದು ಎಂಬ ಅರ್ಥದಲ್ಲಿ. ಆಮೇಲೆ ನಾಯಿ ಗಂಟಲಿಗೆ ಬಾಯಿ ಹಾಕುವುದು, ಆಮೇಲೆ ಕಾಡುವುದು, ಪೀಡಿಸುವುದು. ಚಿಂತೆ ಬಂದದ್ದು ಎಲ್ಲಕ್ಕೂ ಕೊನೆಗೆ! ಕಚೇರಿಗೆ ಮರಳಿ ನಮ್ಮ ಶಿರಸ್ತೇದಾರರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ.

“ಕಚ್ಚೋದು ಅನ್ರಿ, ಮುಗೀತು,” ಎಂದರು ಅವರು. “ಅದಕ್ಯಾಕ ಇಷ್ಟು ಪುರಾಣ?”

೩. ಷರಾ

ಕೆಲಸ ಹೋದರೆ ಹೋಗಲಿ, ಉಳಿದ ಮರಿಗಳಾದರೂ ಬದುಕಲಿ ಎಂದು ದೊರೆಯ ಮುಂದೆ ನಿಂತು ತಪ್ಪು ಒಪ್ಪಿಕೊಂಡೆ. ಅವರು ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಯಿಯನ್ನು ಕಟ್ಟಿಹಾಕಬೇಕೆಂದು ಹೊಸ ಹುಕುಂ ಬರೆದರು. ಜೊತೆಗೆ ನನ್ನ ಫೈಲಿನಲ್ಲೂ ಒಂದು ಸಾಲು ಷರಾ ಬರೆದರು: ಒಳ್ಳೆಯ ಗುಮಾಸ್ತ, ಆದರೆ ತುಂಬ ವರಿ ಮಾಡುತ್ತಾನೆ.

ಫೈಲು ಶಿರಸ್ತೇದಾರರ ಕೈಗೆ ಹೋಯಿತು. ಎರಡು ಸಲ ಓದಿದರು. ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಕೋಟಿನ ಕತ್ತಿನ ಗುಂಡಿ ಹಾಕಿಕೊಂಡರು.

“ಗೌಡ್ರ ನಾಯೀನೇನೋ ಕಟ್ಟಿಸಿದ್ವಿ,” ಎಂದರು. “ನಿಮ್ಮನ್ನ ಎಲ್ಲಿ ಕಟ್ಟೋಣ್ರಿ?”