ಜೇನಿಗೂ ಬಿಡದ ಕೋಣೆ

ನಾನು ಸೋತೆನೆಂದು ನಮ್ಮ ಮನೆಯವರು ಊರೆಲ್ಲ ಡಂಗುರ ಸಾರುತ್ತಿದ್ದಾರೆ. ನಂಬಬೇಡಿ. ನಡೆದದ್ದನ್ನು ನಾನೇ ಹೇಳುತ್ತೇನೆ.

ಮನೆಯ ಹಿಂಭಾಗದಲ್ಲಿ ನನಗೊಂದು ಕೋಣೆ. ಒಂದು ಆರಾಮ ಕುರ್ಚಿ, ಒಂದು ಕಿಟಕಿ, ಬಾಗಿಲಿಗೊಂದು ಚಿಲಕ. ರಜೆಯ ದಿನ ಅಲ್ಲಿ ನಾನು ಮಾಡುವ ಘನಕಾರ್ಯಕ್ಕೆ ಚಿಂತನೆ ಎಂದು ಹೆಸರು. (ನನ್ನ ಹೆಂಡತಿ ಅದನ್ನು ಗೊರಕೆ ಎನ್ನುತ್ತಾಳೆ.) ಆಕೆ ನೆರೆಹೊರೆಯವರಿಗೆ ಬಟ್ಟೆ ಹೊಲಿದು ಕೊಡುವವಳು. ಹೊಲಿಗೆ ಯಂತ್ರ ಇರುವುದು ಅಡುಗೆಮನೆಗೆ ಹೋಗುವ ಇಕ್ಕಟ್ಟಿನ ಹಾದಿಯಲ್ಲಿ. ಹೋಗಿ ಬರುವವರೆಲ್ಲ ಆಕೆಯ ಮೊಣಕೈಗೆ ತಾಗುತ್ತಾರೆ, ಹೊಲಿಗೆ ಸೊಟ್ಟಗಾಗುತ್ತದೆ. ಹೀಗಾಗಿ ಆಕೆಗೆ ನನ್ನ ಕೋಣೆಯ ಮೇಲೆ ಕಣ್ಣು. ಪ್ರಾಣ ಬೇಕಾದರೆ ಕೊಟ್ಟೇನು, ಕೋಣೆ ಕೊಡೆನು ಎಂದು ನಾನು ಮದುವೆಯ ಹೊಸದರಲ್ಲೇ ಘೋಷಿಸಿದ್ದೆ. "ನಿಮ್ಮ ಪ್ರಾಣದ ಮೇಲೆ ಯಂತ್ರ ಇಡೋಕಾಗುತ್ತಾ?" ಎಂದಿದ್ದಳು.

ಹೀಗಿರುವಾಗ ಆ ಕೋಣೆಯ ಹೊರಗೋಡೆಯ ಬಿರುಕಿನೊಳಗೆ ಜೇನು ಗೂಡು ಕಟ್ಟಿತು. ದಾರಿ ತಪ್ಪಿದ ಹುಳುಗಳು ಕಿಟಕಿಯಿಂದ ನನ್ನ ಕುರ್ಚಿಯವರೆಗೂ ಬರತೊಡಗಿದವು.

"ಔಷಧಿ ಹೊಡೆದು ಮುಗಿಸಿಬಿಡೋಣ," ಎಂದೆ.

"ಪಾಪ, ಸಂಸಾರ ಹೂಡಿವೆ. ಕೊಂದರೆ ನಿನಗೆ ಒಳ್ಳೇದಾಗಲ್ಲ ಕಣೋ," ಎಂದರು ಅಮ್ಮ. (ಹೆತ್ತದ್ದು ನನ್ನನ್ನು, ಪಕ್ಷ ಸೊಸೆಯದು.)

"ಜೇನು ಸಾಕೋರನ್ನ ಕರೆಸ್ತೀನಿ. ಅಲ್ಲೀತನಕ ಕೋಣೆ ಖಾಲಿ ಮಾಡಿ," ಎಂದಳು ಹೆಂಡತಿ.

ಖಾಲಿ ಎಂಬ ಪದ ಕೇಳಿದ್ದೇ ನಾನು ಎಚ್ಚೆತ್ತೆ. ಒಮ್ಮೆ ಬಿಟ್ಟ ಕೋಣೆ ಮತ್ತೆ ಕೈಗೆ ಬಂದೀತೆಂದು ನಂಬಲು ನನ್ನ ಕಿವಿಯ ಮೇಲೇನೂ ಹೂವಿಲ್ಲ.

"ಜೇನೂ ಇರಲಿ, ನಾನೂ ಇರ್ತೀನಿ. ಯಾರು ಮೊದಲು ಹೊರಡ್ತಾರೋ ನೋಡೇಬಿಡೋಣ."

"ಕಚ್ಚಿದ್ರೆ ನನ್ನ ಹತ್ರ ಬರಬೇಡಿ."

"ಬರೋದಿಲ್ಲ." (ಒಮ್ಮೆ ಹೋದೆ. ಮೂಗಿಗೆ ಕಚ್ಚಿತ್ತು. ಅದು ಲೆಕ್ಕಕ್ಕಿಲ್ಲ.)

ಜೇನು ಸಾಕುವವರು ಬಂದರು. ಬಾಯ್ತುಂಬ ನಗುವ, ಕೆಲಸಕ್ಕಿಂತ ವಿವರಣೆಯನ್ನೇ ಹೆಚ್ಚು ಇಷ್ಟಪಡುವ ಮನುಷ್ಯ. ಬಿರುಕಿನ ಬಾಯಿಗೆ ತಂತಿ ಬಲೆಯ ಲಾಳಿಕೆಯೊಂದನ್ನು, ಕಿರಿದಾದ ತುದಿ ಹೊರಕ್ಕೆ ಇರುವಂತೆ ಬಿಗಿದರು. ಪಕ್ಕದಲ್ಲೇ ಒಂದು ಪೆಟ್ಟಿಗೆ ತೂಗುಹಾಕಿ, ಅದರೊಳಗೆ ಜೇನುಮರಿಗಳಿದ್ದ ಮೇಣದ ಎರಿಯೊಂದನ್ನು ಇಟ್ಟರು.

"ಮೇವಿಗೆ ಹೊರಟ ಹುಳ ಈ ತುದಿಯಿಂದ ಆಚೆ ಬರುತ್ತೆ. ವಾಪಸ್ ಬಂದಾಗ ಅದಕ್ಕೆ ಆ ತುದಿ ಸಿಗಲ್ಲ. ಪಕ್ಕದಲ್ಲೇ ಅನುಕೂಲವಾದ ಮನೆ ಇದೆಯಲ್ಲ, ಹೋಗಿ ಕೂತ್ಕೊಳ್ಳುತ್ತೆ. ಜಗಳ ಇಲ್ಲ, ಹಿಂಸೆ ಇಲ್ಲ. ಕೆಲವು ವಾರ ತಾಳ್ಮೆ ಬೇಕು ಅಷ್ಟೆ."

"ಎಷ್ಟೇ ಹಟಮಾರಿ ಆದ್ರೂ ಬರುತ್ತಾ?" ಎಂದು ನನ್ನ ಹೆಂಡತಿ ಕೇಳಿದಳು.

"ಒಂದು ಸಲ ಆಚೆ ಬಂದ್ರೆ ಸಾಕಮ್ಮ."

ಆಕೆಗೆ ಜೇನುಸಾಕಣೆಯಲ್ಲಿ ಇಷ್ಟು ಆಸಕ್ತಿಯಿದೆ ಎಂದು ನನಗೆ ಗೊತ್ತಿರಲಿಲ್ಲ. ಮೆಚ್ಚಿಕೊಂಡೆ.

ಆ ವಾರಗಳಲ್ಲಿ ನಾನು ತೋರಿದ ಪರಾಕ್ರಮವನ್ನು ಹೊಗಳಲು ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ, ನಾನೇ ಹೇಳಬೇಕು. ತಲೆಗೆ ಹೆಲ್ಮೆಟ್, ಮೈಗೆ ಕಂಬಳಿ. ಹೆಲ್ಮೆಟ್ ತೆಗೆಯದೆ ಕಾಫಿ ಕುಡಿಯುವ ವಿದ್ಯೆಯೂ ಸಿದ್ಧಿಸಿತು. ಆಫೀಸಿಗೆ ಹೊರಟರೆ ಬಾಗಿಲಿಗೆ ಬೀಗ, ಕೀಲಿ ಜೇಬಿನಲ್ಲಿ. ಸ್ನಾನಕ್ಕೆ ಹೋದರೂ ಅಷ್ಟೇ, ಕೀಲಿ ಸೋಪಿನ ಪಕ್ಕದಲ್ಲಿ.

ಕೊನೆಗೊಂದು ಬೆಳಿಗ್ಗೆ ಹಿತ್ತಲಿನಿಂದ ಜೇನು ಸಾಕುವವರ ಕೂಗು ಬಂತು. "ಯಜಮಾನ್ರೇ, ಬನ್ನಿ. ನಿಮ್ಮ ಒಕ್ಕಲೆಲ್ಲ ಪೆಟ್ಟಿಗೆಗೆ ಬಂದಾಯ್ತು."

"ಹೋಗ್ರೀ, ಗೆದ್ದಿದ್ದು ನೀವೇ," ಎಂದಳು ಹೆಂಡತಿ. "ಪೆಟ್ಟಿಗೆ ಪಕ್ಕ ನಿಂತ್ಕೊಳ್ಳಿ, ಅತ್ತೆ ಫೋಟೋ ತೆಗೀತಾರೆ."

ಗೆದ್ದಿದ್ದು ನೀವೇ ಎಂಬ ಮಾತು ಆಕೆಯ ಬಾಯಿಂದ ಹೊರಟ ಮೇಲೆ ಬೀಗದ ನೆನಪಾದರೂ ಯಾವ ಗಂಡಸಿಗೆ ಬರುತ್ತದೆ? ಎದೆಯುಬ್ಬಿಸಿ ಹಿತ್ತಲಿಗೆ ನಡೆದೆ. ಅಮ್ಮ ಗದ್ದ ಎತ್ತು ಎಂದರು, ಹೊಟ್ಟೆ ಒಳಗೆ ತಗೋ ಎಂದರು, ಬಿಸಿಲು ಸರಿಯಿಲ್ಲ ಎಂದು ಜಾಗ ಬದಲಿಸಿದರು, ಕೊನೆಗೆ ಕನ್ನಡಕ ತರಲು ಒಳಗೆ ಹೋದರು.

ನಾನು ವಾಪಸಾದಾಗ ಕೋಣೆಗೆ ಒಳಗಿನಿಂದ ಚಿಲಕ. ಒಳಗೆ ಹೊಲಿಗೆ ಯಂತ್ರದ ಟಕಟಕ. ನನ್ನ ಕುರ್ಚಿ ಅಡುಗೆಮನೆಯ ಹಾದಿಯಲ್ಲಿತ್ತು. ಪಕ್ಕದ ಸ್ಟೂಲಿನ ಮೇಲೆ ಪತ್ರಿಕೆ, ಬಿಸಿಬಿಸಿ ಕಾಫಿ.

"ಬಾಗಿಲು ತೆಗೀತೀಯೋ ಇಲ್ವೋ?"

"ಯಾಕ್ರೀ, ಅಲ್ಲಿ ಅನುಕೂಲವಾಗಿಲ್ವಾ?"

ನಾನು ಕೂರಲಿಲ್ಲ. ಕಾಫಿ ಆರುವವರೆಗೂ ನಿಂತೇ ಇದ್ದೆ. ಆಮೇಲೆ ಕೂತದ್ದು ಕಾಲುನೋವಿಗೆ, ಸೋಲಿಗಲ್ಲ. ಇದನ್ನು ಬರೆಯುತ್ತಿರುವುದೂ ಅಲ್ಲಿಂದಲೇ. ಈಗಷ್ಟೇ ಬಾಗಿಲು ಅರ್ಧ ತೆರೆದು, "ರೀ, ಅಳತೆ ಕೊಡೋಕೆ ಪಕ್ಕದ ಮನೆಯವರು ಬರ್ತಿದ್ದಾರೆ, ಸ್ವಲ್ಪ ಕಾಲು ಮಡಿಸ್ಕೊಳ್ಳಿ," ಎಂದಳು.

ಮಡಿಸಿದೆ. ಆದರೆ ಒಂದೇ ಕಾಲು.